ಗಡ್ಡಿಗೆ ಹೋಗಿ ಬರೋಣ ಬರ್ರಿ

ಬಳ್ಳಾರಿಯ ಬಂಡೆ ಕಾಯುವ ಚೈತ್ರದಲ್ಲಿ ಮನಸ್ಸು ನೀರಿನ ಕಡೆಗೇ ಓಡುತ್ತದೆ. ಮೊಬೈಲಿನಲ್ಲಿ ಕಾಣುವ ದ್ವೀಪಗಳಿಗೆ ವಿಮಾನ ಹತ್ತಬೇಕು, ಹಡಗು ಹತ್ತಬೇಕು. ಸಿರುಗುಪ್ಪದ ಮಗ್ಗುಲಲ್ಲೇ ಇರುವ ದ್ವೀಪಕ್ಕೆ ಬುತ್ತಿ ಕಟ್ಟಿಕೊಂಡು ಹೊರಟರೆ ಸಾಕು. ಯುಗಾದಿಯ ಮರುದಿನ ತುಂಗಭದ್ರೆಯ ನಡುಗಡ್ಡೆಯಲ್ಲಿ ಕಳೆದ ಒಂದು ಹಗಲು ಇಲ್ಲಿದೆ.

ಮಗಳು ಎರಡೂ ಕೈಯಲ್ಲಿ ಉಸುಕು ತೋಡುತ್ತ ಕೂತಿದ್ದಳು. ಮೇಲಿನ ಉಸುಕು ಬಿಸಿ. ಒಂದು ಗೇಣು ಕೆಳಗೆ ತಂಪು. ಮೊಣಕೈ ಮುಳುಗುವಷ್ಟು ಕೆಳಗೆ ಹಸಿ. ಆದರೆ ನೀರು ಮಾತ್ರ ಇಲ್ಲ.

“ಕೈ ಬಿಡಬ್ಯಾಡ. ಇನ್ನೊಂದು ಗೇಣು ತೋಡು, ಬರ್ತಾಳ ಗಂಗವ್ವ,” ಎಂದಳು ಅಕ್ಕ.

ಬಂದಳು. ಕುಣಿಯ ತಳದಲ್ಲಿ ಉಸುಕು ಮೊದಲು ಕಪ್ಪಗಾಯಿತು, ಆಮೇಲೆ ಹೊಳೆಯಿತು, ಆಮೇಲೆ ಸುತ್ತಲಿಂದಲೂ ಬೆವರಿದ ಹಾಗೆ ನೀರು ಜಿನುಗತೊಡಗಿತು. ಬದಿಯ ಉಸುಕು ಕುಸಿಯದಂತೆ ಅಕ್ಕ ಅಂಗೈಯಿಂದ ಒತ್ತಿ ಹಿಡಿದು, ತೆಂಗಿನ ಚಿಪ್ಪಿನಲ್ಲಿ ಮೊದಲ ನೀರು ಮೊಗೆದು ಚೆಲ್ಲಿದಳು. ಎರಡನೆಯದನ್ನೂ ಚೆಲ್ಲಿದಳು. ಮೂರನೆಯ ಸಲ ಕೂಡಿದ ನೀರಿನಲ್ಲಿ ಮಗಳಿಗೆ ತನ್ನ ಮುಖ ಕಂಡಿತು.

“ಅತ್ತೀ, ಈ ನೀರು ಎಲ್ಲಿತ್ತು?”

“ಉಸುಕಿನೊಳಗ ಇತ್ತವ್ವ. ಮಳಿಗಾಲದಾಗ ಹೊಳಿ ಕೊಟ್ಟಿದ್ದನ್ನ ಇದು ಬಚ್ಚಿಟಗೊಂಡಿತ್ತು.”

ನಾವು ಕೂತಿದ್ದದ್ದು ದೇಶನೂರಿನ ನಡುಗಡ್ಡೆಯ ಅಂಚಿನಲ್ಲಿ. ಸಿರುಗುಪ್ಪದ ಹತ್ತಿರ ತುಂಗಭದ್ರೆ ಎರಡು ಕವಲಾಗುತ್ತಾಳೆ. ಸಣ್ಣ ಕವಲು ಊರನ್ನು ತಾಗಿಕೊಂಡು ಹೋದರೆ, ದೊಡ್ಡದು ಸಿಂಧನೂರಿನ ಕಡೆಯಿಂದ ಬಳಸಿ ಹೋಗುತ್ತದೆ. ಎರಡರ ನಡುವೆ ಉಳಿದದ್ದು ಭತ್ತ, ಬಾಳೆ, ತೆಂಗಿನ ಹಸಿರು ನೆಲ. ನಮ್ಮ ಕಡೆಯ ಮಾತಿನಲ್ಲಿ ಅದು ಗಡ್ಡಿ. ನನ್ನ ಅಕ್ಕನನ್ನು ಕೊಟ್ಟದ್ದು ಈ ಗಡ್ಡಿಯ ಮನೆತನಕ್ಕೆ.

ಮಗಳು ಕೇಳಿದ ದ್ವೀಪ

ಮಗಳು ಕೇಳಿದ್ದು ಈ ದ್ವೀಪವನ್ನಲ್ಲ. 2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದ ಮೇಲೆ ಆ ನೀಲಿ ನೀರಿನ ಚಿತ್ರಗಳು ದೇಶದ ಎಲ್ಲ ಮನೆಗಳಿಗೂ ಬಂದವು, ನಮ್ಮ ಮನೆಗೂ ಬಂದವು. ಅಂದಿನಿಂದ ರಜೆ ಬಂದಾಗಲೆಲ್ಲ ಅವಳದು ಒಂದೇ ಮಾತು: “ಸುತ್ತಲೂ ನೀರು ಇರೋ ಊರಿಗೆ ಹೋಗೋಣ. ಅಲ್ಲಿ ಉಸುಕು ಇರಬೇಕು.”

ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕಡಲ ದ್ವೀಪದ ಚೆಲುವು ದೊಡ್ಡದು. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ವಾಸಿಸುವುದು ಹತ್ತರಲ್ಲಿ ಮಾತ್ರ. ನಮ್ಮದೇ ನಾಡಿನ ಮಲ್ಪೆಯ ಎದುರಿಗೆ ಸೇಂಟ್ ಮೇರೀಸ್ ದ್ವೀಪವಿದೆ. ಲಾವಾ ಆರಿ ಕಂಬಕಂಬವಾಗಿ ನಿಂತ ಅಲ್ಲಿನ ಬಂಡೆಗಳನ್ನು ಒಮ್ಮೆಯಾದರೂ ನೋಡಬೇಕು. ಆದರೆ ಬಳ್ಳಾರಿಯಿಂದ ಮಲ್ಪೆಗೆ ಸುಮಾರು ನಾನೂರು ಕಿಲೋಮೀಟರ್ ದಾರಿ. ಜೀನ್ಸ್ ಹೊಲಿಯುವವರು, ಅಂಗಡಿ ಇಟ್ಟವರು, ಗಣಿ ಲಾರಿ ಓಡಿಸುವವರು ಇರುವ ನಮ್ಮ ಓಣಿಗಳಲ್ಲಿ ಮೂರು ದಿನದ ರಜೆ, ನಾಲ್ಕು ಜನರ ಖರ್ಚು ಎಂದರೆ ಸಣ್ಣ ಮಾತಲ್ಲ.

ಅಕ್ಕನಿಗೆ ಫೋನು ಹೋಯಿತು. “ಸುತ್ತಲೂ ನೀರು ಬೇಕಂತೇನು? ಕರ್ಕೊಂಡು ಬಾ. ನಮ್ಮೂರಾಗ ಮತ್ತೇನೈತಿ!”

ಬಂಡೆಯ ಊರಿನ ಬಾಯಾರಿಕೆ

ಬಳ್ಳಾರಿಯಲ್ಲಿ ಹುಟ್ಟಿದವರಿಗೆ ನೀರಿನ ದಂಡೆಯ ಮೋಹ ಯಾಕೆ ಇಷ್ಟು ಗಾಢವಾಗಿರುತ್ತದೆ ಎಂಬುದು ಮಾರ್ಚ್ ತಿಂಗಳ ಒಂದು ರಾತ್ರಿ ಕೋಟೆ ಪ್ರದೇಶದಲ್ಲಿ ಮಲಗಿದರೆ ತಿಳಿಯುತ್ತದೆ. ಹನುಮಪ್ಪ ನಾಯಕ ಕೋಟೆ ಕಟ್ಟಿದ ಬೆಟ್ಟವೆಂದರೆ ಮರವಿಲ್ಲದ ದೊಡ್ಡ ಬಂಡೆ. ಅದು ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕಾವು ಬಿಡುತ್ತದೆ. ಎದುರಿಗಿರುವ ಕುಂಬಾರಗುಡ್ಡದ್ದೂ ಅದೇ ಕೆಲಸ. ಏಪ್ರಿಲ್‌ನಲ್ಲಿ ಪಾದರಸ 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ.

ಮಳೆ ವರ್ಷಕ್ಕೆ ಸುಮಾರು 500 ಮಿಲಿಮೀಟರ್. ಪಶ್ಚಿಮಘಟ್ಟದ ಮಳೆನೆರಳಿನಲ್ಲಿ ಕೂತ ಊರು ನಮ್ಮದು. ಪೇಟೆಯೊಳಗೆ ಹರಿಯುವ ಹೊಳೆ ಇಲ್ಲ. ಅಲ್ಲೀಪುರದ ಕೆರೆಗೆ ಕಾಲುವೆಯಲ್ಲಿ ಬಂದು ನಿಂತ ತುಂಗಭದ್ರೆಯ ನೀರೇ ನಮ್ಮ ನಲ್ಲಿಗಳಿಗೆ ಬರುತ್ತದೆ. ಹೊಳೆಯನ್ನು ಕುಡಿದು ಬೆಳೆದವರು ನಾವು. ಹೊಳೆಯನ್ನು ಕಣ್ಣಾರೆ ನೋಡಬೇಕೆಂದರೆ ಬುತ್ತಿ ಕಟ್ಟಬೇಕು.

ಆ ಬುತ್ತಿಯ ರೂಢಿ ಹಳೆಯದು. ಸಂಕ್ರಮಣದ ದಿನ ಎಳ್ಳು ಹಚ್ಚಿಕೊಂಡು ಹೊಳೆಯಲ್ಲಿ ಮುಳುಗುವುದು, ದಂಡೆಯ ಮೇಲೆ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಹರವಿಕೊಂಡು ಉಣ್ಣುವುದು ಈ ಸೀಮೆಯ ಮನೆಮನೆಯ ಪದ್ಧತಿ. ಊರ ದೇವರನ್ನು ಪಲ್ಲಕ್ಕಿಯಲ್ಲಿ ಹೊತ್ತು ಹೊಳೆಗೆ ಒಯ್ಯುವುದಕ್ಕೆ ಗಂಗೆಸ್ಥಳ ಎನ್ನುತ್ತಾರೆ. ದೇವರಿಗೂ ವರ್ಷಕ್ಕೊಮ್ಮೆ ಹೊಳೆ ಬೇಕು. ವಸಂತದ ಪ್ರವಾಸವೆಂದು ಇವತ್ತು ನಾವು ಹೊಸ ಹೆಸರಿಟ್ಟು ಕರೆಯುವುದನ್ನು ನಮ್ಮ ಅಜ್ಜಿಯರು ಹಬ್ಬವೆಂದೇ ಮಾಡುತ್ತಿದ್ದರು.

ಕುರುಗೋಡಿನಲ್ಲಿ ಒಂದು ನಿಲುಗಡೆ

ಪಾಡ್ಯದ ಮರುದಿನ ಬೆಳಗಿನ ಐದೂವರೆಗೆ ಹೊರಟೆವು. ನೇರ ಸಿರುಗುಪ್ಪಕ್ಕೆ ಹೋಗುವ ಬದಲು ಕುರುಗೋಡಿನ ದಾರಿ ಹಿಡಿದದ್ದು ದೊಡ್ಡಬಸವಣ್ಣನಿಗೆ ಕೈ ಮುಗಿದು ಹೋಗಲೆಂದು. ಹೊಳೆಗೆ ಹೊರಟವರು ಬಸವಣ್ಣನನ್ನು ದಾಟಿ ಹೋಗಬಾರದು ಎಂದು ಅವ್ವ ಹೇಳುತ್ತಿದ್ದಳು.

ದೊಡ್ಡಬಸವೇಶ್ವರ ಗುಡಿಯ ಒಳಗೆ ಲಿಂಗದ ಜಾಗದಲ್ಲಿ ನಂದಿಯೇ ಮೂಲದೇವರು. ಒಂದೇ ಕಲ್ಲಿನಲ್ಲಿ ಕಡೆದ, ಸುಮಾರು 12 ಅಡಿ ಎತ್ತರದ ಬಸವ. ಮಗಳು ಕತ್ತು ಹಿಂದಕ್ಕೆ ಎತ್ತಿ, ಇನ್ನೂ ಎತ್ತಿ ನೋಡಿದಳು. ಹೋಳಿ ಹುಣ್ಣಿಮೆಯ ಹೊತ್ತಿನಲ್ಲಿ ಇಲ್ಲಿ ತೇರು. ಜಾತ್ರೆ ಮುಗಿದು ಹದಿನೈದು ದಿನವಾಗಿತ್ತು. ಬೀದಿಯಲ್ಲಿ ಇನ್ನೂ ಎರಡು ಬೆಂಡು-ಬತ್ತಾಸಿನ ಅಂಗಡಿಗಳು ಉಳಿದಿದ್ದವು.

ಕುರುಗೋಡು ಇವತ್ತು ಚಿಕ್ಕ ತಾಲ್ಲೂಕು ಕೇಂದ್ರ. ಹನ್ನೆರಡನೆಯ ಶತಮಾನದಲ್ಲಿ ಇದು ಕಲ್ಯಾಣ ಚಾಲುಕ್ಯರ ಸಾಮಂತರಾದ ಸಿಂದರ ರಾಜಧಾನಿ, ಬಲ್ಲಕುಂದೆ ನಾಡಿನ ಆಡಳಿತದ ನೆಲೆ. ಬೆಟ್ಟದ ಬುಡದಲ್ಲಿ ಆ ಕಾಲದ ಕಲ್ಲಿನ ಗುಡಿಗಳು ಈಗಲೂ ನಿಂತಿವೆ. ಈ ಸೀಮೆಯ ಇನ್ನೊಂದು ಹೆಮ್ಮೆ ಅಂಜೂರ. ‘ಒಂದು ಜಿಲ್ಲೆ ಒಂದು ಉತ್ಪನ್ನ’ ಪಟ್ಟಿಯಲ್ಲಿ ಬಳ್ಳಾರಿ ಜಿಲ್ಲೆಗೆ ಕೊಟ್ಟಿರುವುದು ಇದೇ ಹಣ್ಣನ್ನು. ದಾರಿಬದಿಯ ಬುಟ್ಟಿಯಲ್ಲಿ ಎಲೆ ಹಾಸಿ ಇಟ್ಟ ನೇರಳೆ ಬಣ್ಣದ ಹಣ್ಣು ಒಂದು ಕಿಲೋ ಕೊಂಡೆವು. ಅಕ್ಕನ ಮನೆಗೆ ಬರಿಗೈಲಿ ಹೋಗುವುದುಂಟೇ?

ಹೆದ್ದಾರಿ ಸೇರಿ ತೆಕ್ಕಲಕೋಟೆ ತಲುಪುವಾಗ ಬಿಸಿಲು ಏರುತ್ತಿತ್ತು. ಅಲ್ಲಿನ ಬೆಟ್ಟಗಳಲ್ಲಿ 1963-64ರಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ದುಂಡನೆಯ ಗುಡಿಸಲುಗಳ ನೆಲೆಗಳು ಸಿಕ್ಕವು. ಮೂರೂವರೆ ಸಾವಿರ ವರ್ಷಕ್ಕೂ ಹಿಂದೆ ಬಂಡೆಯ ನೆರಳಿನಲ್ಲಿ ಮನೆ ಕಟ್ಟಿಕೊಂಡ ಆ ದನಗಾಹಿಗಳೂ ಬೇಸಿಗೆಯಲ್ಲಿ ದನ ಹೊಡೆದುಕೊಂಡು ಹೊಳೆಯ ಕಡೆಗೇ ಇಳಿಯುತ್ತಿದ್ದಿರಬೇಕು ಎಂದುಕೊಂಡೆ.

---

ಬಾಕ್ಸ್ 1: ಹೊಳೆ ದಂಡೆಯಲ್ಲಿ ಅಶೋಕನ ಹೆಸರು

- ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದಲ್ಲಿ ಅಶೋಕನ ಕಿರು ಶಿಲಾಶಾಸನಗಳಿವೆ. ಇವು ಬೆಳಕಿಗೆ ಬಂದದ್ದು 1970ರ ದಶಕದ ಕೊನೆಯಲ್ಲಿ.
- ಅಶೋಕನ ಬಹುಪಾಲು ಶಾಸನಗಳಲ್ಲಿ ‘ದೇವಾನಾಂಪ್ರಿಯ’ ಎಂಬ ಬಿರುದಷ್ಟೇ ಇರುತ್ತದೆ. ಅವನ ಹೆಸರನ್ನೇ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ಮಸ್ಕಿ, ಗುಜರ್ರಾ ಜೊತೆಗೆ ನಿಟ್ಟೂರು, ಉಡೇಗೋಳ ಸೇರಿವೆ.
- ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ನುಡಿಯಬೇಕು ಎಂಬುದು ಈ ಬಂಡೆಗಳು ಸಾರುವ ಮಾತು.

---

ಸಿರಿಯ ಗುಪ್ಪೆ

ತೆಕ್ಕಲಕೋಟೆ ದಾಟಿ ಸ್ವಲ್ಪ ಹೊತ್ತಿಗೆ ನೆಲದ ಬಣ್ಣ ಬದಲಾಗುತ್ತದೆ. ಕಪ್ಪು ಎರೆಹೊಲ ಮುಗಿದು ಹಸಿರು ಗದ್ದೆ ಶುರುವಾಗುತ್ತದೆ. ಕಾರಿನ ಕಿಟಕಿಯಿಂದ ಬರುವ ಗಾಳಿಯೂ ಬೇರೆ. ಭತ್ತದ ಗದ್ದೆಯ ಮೇಲಿಂದ ಬರುವ ಗಾಳಿಗೆ ಒಂದು ಹಸಿ ವಾಸನೆ ಇರುತ್ತದೆ. ಅಂದಹಾಗೆ ಇಲ್ಲಿ ಭತ್ತ ಎಂದರೆ ಪುಸ್ತಕದ ಮಾತು. ಮಂದಿಯ ಬಾಯಲ್ಲಿ ಅದು ನೆಲ್ಲು.

ಸಿರುಗುಪ್ಪ ಎಂದರೆ ಸಿರಿಯ ಗುಪ್ಪೆ, ಸಂಪತ್ತಿನ ರಾಶಿ. ಬ್ರಿಟಿಷರ ಕಾಲದ, 1908ರ ಇಂಪೀರಿಯಲ್ ಗೆಜೆಟಿಯರ್ ಕೂಡ ಊರಿನ ಹೆಸರಿಗೆ ಇದೇ ಅರ್ಥ ಕೊಡುತ್ತದೆ. ತುಂಗಭದ್ರೆಯ ಸಣ್ಣ ಕವಲೊಂದು ಆರು ಮೈಲಿ ಉದ್ದದ ದೇಶನೂರು ದ್ವೀಪವನ್ನು ಬಳಸಿ ಹರಿಯುತ್ತದೆ ಎಂದು ಬರೆದು, ಇಲ್ಲಿನ ಭತ್ತದ ಗದ್ದೆ, ಬಾಳೆ, ತೆಂಗು, ಅನಾನಸು ಸುತ್ತಲಿನ ಒಣ ಸೀಮೆಗೆ ಎಷ್ಟು ಚೆಂದದ ವಿರುದ್ಧ ಚಿತ್ರ ಎಂದು ಅದು ಮೆಚ್ಚಿಕೊಳ್ಳುತ್ತದೆ. ಆರು ಮೈಲಿ ಎಂದರೆ ಹತ್ತು ಕಿಲೋಮೀಟರಿಗೆ ಹತ್ತಿರ. ಬಳ್ಳಾರಿಯ ಬಿಸಿಲಿಗೆ ಬೆಂದ ಕಂದಾಯದ ಅಧಿಕಾರಿಗಳಿಗೂ ಆಗಿನ ಕಾಲಕ್ಕೆ ಈ ಗಡ್ಡಿ ಕಣ್ಣು ತಂಪಾಗಿಸಿತ್ತು.

ಈ ಹಸಿರು ಮಳೆಯದಲ್ಲ. ಮಳೆ ಬಳ್ಳಾರಿಗೆ ಎಷ್ಟೋ ಸಿರುಗುಪ್ಪಕ್ಕೂ ಹೆಚ್ಚುಕಡಿಮೆ ಅಷ್ಟೇ. ಇದು ಕಾಲುವೆಯ ಹಸಿರು. ಅದರ ಕಥೆ ತಿಳಿಯದೆ ಗಡ್ಡಿಯಲ್ಲಿ ಎಷ್ಟು ಹೊತ್ತು ಕೂತರೂ ಅರ್ಧವೇ ನೋಡಿದ ಹಾಗೆ.

ಹೊಳೆಗೆ ಅಡ್ಡ ನಿಂತ ಕಲ್ಲು

ತುಂಗಭದ್ರೆಯ ಮೇಲಿನ ಹಳೆಯ ಕಾಲುವೆಗಳನ್ನು ವಿಜಯನಗರ ಕಾಲುವೆಗಳು ಎನ್ನುತ್ತಾರೆ. ತುರ್ತಾ, ರಾಯ, ಬಸವಣ್ಣ, ರಾಮಸಾಗರ, ಕಂಪ್ಲಿ ಹೀಗೆ ಮೇಲಿನಿಂದ ಹೆಸರು ಹೇಳುತ್ತ ಬಂದರೆ ಕೊನೆಗೆ ಸಿಗುವವು ಸಿರುಗುಪ್ಪ ಕಾಲುವೆ ಮತ್ತು ದೇಶನೂರು ಕಾಲುವೆ. ಐನೂರು ವರ್ಷದ ಹಿಂದಿನ ಸಾಮ್ರಾಜ್ಯ ಅಳಿಯಿತು. ಅದರ ಅರಮನೆಗಳ ಬುನಾದಿ ನೋಡಲು ಟಿಕೆಟ್ ಕೊಳ್ಳಬೇಕು. ಅದರ ಕಾಲುವೆಗಳಲ್ಲಿ ಮಾತ್ರ ಇವತ್ತಿಗೂ ನೀರು ಹರಿದು ನೆಲ್ಲು ಬೆಳೆಯುತ್ತಿದೆ.

ನಾವೆಲ್ಲ ಮಾವ ಎಂದು ಕರೆಯುವ ಅಕ್ಕನ ಗಂಡ, ಗಡ್ಡಿಯ ಮನೆಯಲ್ಲಿ ಬೆಳಗಿನ ಚಹಾ ಕುಡಿದ ಮೇಲೆ ಕಾಲುವೆಯ ಏರಿಯ ಮೇಲೆ ನಮ್ಮನ್ನು ನಡೆಸಿಕೊಂಡು ಹೋದರು. ಆ ಕಾಲದವರು ಹೊಳೆಗೆ ದೊಡ್ಡ ಗೋಡೆ ಕಟ್ಟಲಿಲ್ಲ. ಹೊಳೆ ತಾನೇ ಎಲ್ಲಿ ಕವಲೊಡೆದಿದೆ, ಎಲ್ಲಿ ಬಂಡೆ ತಲೆ ಎತ್ತಿದೆ ಎಂದು ನೋಡಿದರು. ಬಂಡೆಯಿಂದ ಬಂಡೆಗೆ ದೊಡ್ಡ ದೊಡ್ಡ ಕಲ್ಲು ಜೋಡಿಸಿ ಗಿಡ್ಡನೆಯ ಅಣೆ ಹಾಕಿದರು. ನೀರಿನ ರಭಸಕ್ಕೆ ಎದೆ ಕೊಡದಂತೆ ಅದನ್ನು ಓರೆಯಾಗಿ ಒಯ್ದರು. ಪ್ರವಾಹ ಬಂದರೆ ಅಣೆಯ ಮೇಲಿಂದ ಹಾಯ್ದು ಹೋಗುತ್ತದೆ. ಬೇಸಿಗೆಯಲ್ಲಿ ಇಳಿದ ನೀರು ಅಣೆಗೆ ತಾಗಿ ಕಾಲುವೆಯ ಬಾಯಿಗೆ ತಿರುಗುತ್ತದೆ.

ಇಲ್ಲಿ ನನಗೆ ಹೊಸದಾಗಿ ಹೊಳೆದದ್ದು ಇದು. ಇಂಥ ಅಣೆಗೆ ಗಡ್ಡಿ ಬೇಕು. ಹೊಳೆಯ ಪೂರ್ತಿ ಅಗಲಕ್ಕೆ ಕಲ್ಲು ಹಾಕುವುದು ಕಷ್ಟ. ಗಡ್ಡಿ ಹೊಳೆಯನ್ನು ಸೀಳಿ ಕೊಟ್ಟರೆ ಒಂದು ಕವಲನ್ನು ಹಿಡಿದು ನಿಲ್ಲಿಸಬಹುದು. ದ್ವೀಪ ಕಾಲುವೆಗೆ ಹೆಗಲು ಕೊಟ್ಟಿತು, ಕಾಲುವೆ ದ್ವೀಪಕ್ಕೆ ಹಸಿರು ಕೊಟ್ಟಿತು. ಇಬ್ಬರದೂ ಹೀಗೆ ಐನೂರು ವರ್ಷದ ಸಂಸಾರ.

1953ರಲ್ಲಿ ಹೊಸಪೇಟೆಯ ಹತ್ತಿರ ದೊಡ್ಡ ಅಣೆಕಟ್ಟು ಮುಗಿದ ಮೇಲೆ ಕೆಳಮಟ್ಟದ ಕಾಲುವೆ ಸಿರುಗುಪ್ಪ ತಾಲ್ಲೂಕನ್ನು ಹಾಯ್ದು ಆಂಧ್ರಕ್ಕೆ ಹೋಯಿತು. ಹೊಳೆಯ ಅಂಚಿಗಷ್ಟೇ ಇದ್ದ ಗದ್ದೆ ಎರೆಹೊಲದೊಳಕ್ಕೂ ಹರಡಿತು. ಆಂಧ್ರದ ಕರಾವಳಿಯಿಂದ ಬಂದ ರೈತರು ನೆಲೆಸಿದ ‘ಕ್ಯಾಂಪು’ಗಳು ಹುಟ್ಟಿದವು, ಅಕ್ಕಿ ಗಿರಣಿಗಳ ಚಿಮಣಿಗಳು ಎದ್ದವು. ಆದರೆ ಗಡ್ಡಿಯವರ ಲೆಕ್ಕದಲ್ಲಿ ಅದೆಲ್ಲ ನಿನ್ನೆ ಮೊನ್ನೆಯದು. “ನಮ್ಮ ಕಾಲುವಿ ರಾಯರ ಕಾಲದ್ದು,” ಎನ್ನುವಾಗ ಮಾವನ ದನಿ ತಾನಾಗಿಯೇ ಏರುತ್ತದೆ. ರಾಯರು ಎಂದರೆ ಇಲ್ಲಿ ಕೃಷ್ಣದೇವರಾಯ.

ಬುಟ್ಟಿಯಂಥ ದೋಣಿ

ಹೊಳೆಯ ದಂಡೆಯಲ್ಲಿ ಒಬ್ಬರು ಹರಿಗೋಲು ದುರಸ್ತಿ ಮಾಡುತ್ತಿದ್ದರು. ಇಲ್ಲಿ ಅದನ್ನು ತೆಪ್ಪ, ಪುಟ್ಟಿ ಎಂದೂ ಕರೆಯುತ್ತಾರೆ. ಬಿದಿರನ್ನು ಸೀಳಿ ತೆಳ್ಳಗೆ ಹೆರೆದ ಪಟ್ಟಿಗಳನ್ನು ನೆಲದ ಮೇಲೆ ನಕ್ಷತ್ರದ ಹಾಗೆ ಹರಡಿ ಹೆಣೆಯುತ್ತಾರೆ. ತಳ ಹೆಣೆದಾದ ಮೇಲೆ ಅದರ ಮೇಲೆ ಕಲ್ಲು ಹೇರಿ, ಅಂಚನ್ನು ಮೇಲಕ್ಕೆ ಬಾಗಿಸಿ, ಬಾಯಿಗೆ ದಪ್ಪನೆಯ ಬಿದಿರಿನ ಕಟ್ಟು ಸುತ್ತಿ ಬಿಗಿಯುತ್ತಾರೆ. ಮೊದಲು ಹೊರಮೈಗೆ ಚರ್ಮ ಹೊದಿಸುತ್ತಿದ್ದರು. ಈಗ ಗೊಬ್ಬರದ ಚೀಲಗಳನ್ನು ಹೊಲಿದು ಹೊದಿಸಿ, ಕಾಯಿಸಿದ ಡಾಂಬರು ಬಳಿಯುತ್ತಾರೆ. ಹಳೆಯ ಡಬ್ಬಿಯಲ್ಲಿ ಡಾಂಬರು ಕುದಿಯುತ್ತಿತ್ತು. ಕೋಲಿಗೆ ಸುತ್ತಿದ ಬಟ್ಟೆಯನ್ನು ಅದ್ದಿ, ಬಿರುಕಿದ್ದ ಕಡೆ ಒತ್ತಿ ಒತ್ತಿ ಹಚ್ಚುತ್ತಿದ್ದರು. ಒಂದು ಬಿರುಕೂ ಅವರ ಬೆರಳಿನ ಕಣ್ಣು ತಪ್ಪಿಸಲಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯಲ್ಲಿ ಇಂಥದೇ ದೋಣಿ ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿದ್ದವು, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು-ಇಪ್ಪತ್ತು ಜನ ಹಿಡಿಸುತ್ತಿದ್ದರು, ನೇರ ಹೋಗದೆ ತಿರುತಿರುಗಿ ಸಾಗುತ್ತಿದ್ದವು ಎನ್ನುತ್ತಾನೆ. ಚರ್ಮದ ಜಾಗಕ್ಕೆ ಚೀಲ ಬಂದದ್ದು ಬಿಟ್ಟರೆ ಐದು ಶತಮಾನದಲ್ಲಿ ಈ ದೋಣಿಯ ರೂಪ ಬದಲಾಗಿಲ್ಲ.

ಡಾಂಬರು ಆರಿದ ಇನ್ನೊಂದು ತೆಪ್ಪದಲ್ಲಿ ಮಡುವಿನ ಅಂಚಿಗೆ ಒಂದು ಸುತ್ತು ಹಾಕಿದೆವು. ಹುಟ್ಟು ಒಂದೇ. ಅದನ್ನು ಮುಂದೆ ಹಿಡಿದು ನೀರನ್ನು ತನ್ನ ಕಡೆಗೆ ಎಳೆದುಕೊಂಡರೆ ತೆಪ್ಪ ಮುಂದೆ ಸಾಗುತ್ತದೆ, ಒಂದು ಬದಿಗೆ ಎಳೆದರೆ ಬುಗುರಿಯ ಹಾಗೆ ಸುತ್ತುತ್ತದೆ. ಸುತ್ತಿದಾಗ ಗಡ್ಡಿ, ಹೊಳೆ, ಆಚೆ ದಂಡೆ, ತೆಂಗು, ಮತ್ತೆ ಗಡ್ಡಿ ಎಲ್ಲವೂ ಮಗಳ ಸುತ್ತ ತಿರುಗಿದವು. ಅವಳ ನಗು ನೀರಿನ ಮೇಲೆ ಆಚೆ ದಂಡೆಯವರೆಗೂ ಹೋಯಿತು.

---

ಬಾಕ್ಸ್ 2: ನೀರುನಾಯಿಯ ಹೊಳೆ

- ಗಡ್ಡಿಯ ಮೇಲುಹರಿವಿನಲ್ಲಿ, ಮುದ್ಲಾಪುರದಿಂದ ಕಂಪ್ಲಿಯ ಸೇತುವೆವರೆಗಿನ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ರಾಜ್ಯ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿತು.
- ನೀರುನಾಯಿ ಬದುಕಲು ಮೀನು, ಬಂಡೆಯ ಪೊಟರೆ, ದಂಡೆಯ ಪೊದೆ, ಕಲಕದ ಉಸುಕು ಬೇಕು.
- ಇದೇ ಹೊಳೆಯಲ್ಲಿ ಮೊಸಳೆಗಳೂ ಇವೆ. ಊರವರು ಬೇಡ ಎಂದ ಮಡುವಿಗೆ ಇಳಿಯಬಾರದು.
- ಸಿರುಗುಪ್ಪ ತಾಲ್ಲೂಕಿನ ಎರೆಹೊಲದ ಬಯಲು ಇನ್ನೊಂದು ಅಪರೂಪದ ಜೀವಿಯ ನೆಲೆ. ಅಳಿವಿನಂಚಿನ ಹೆಬ್ಬಕ ಹಕ್ಕಿ ಕರ್ನಾಟಕದಲ್ಲಿ ಕೊನೆಯದಾಗಿ ಉಳಿದುಕೊಂಡಿರುವುದು ಇಲ್ಲಿಯೇ.

---

ಇನ್ನೊಂದು ಗಡ್ಡಿಯ ಪಾಠ

ಗಡ್ಡಿ ಎಂಬ ಪದ ಈ ಸೀಮೆಯ ಭೂಪಟದ ತುಂಬ ಇದೆ. ಕೃಷ್ಣೆಯಲ್ಲಿ ಲಿಂಗಸುಗೂರಿನ ಕಡೆ ಕರಕಲಗಡ್ಡಿ, ಓಂಕಾರಗಡ್ಡಿ. ಸುರಪುರದ ಕಡೆ ನೀಲಕಂಠರಾಯನಗಡ್ಡಿ. ಮಳೆಗಾಲದಲ್ಲಿ ಹೊಳೆ ತುಂಬಿದಾಗ ಇವುಗಳ ಹೆಸರು ಪತ್ರಿಕೆಗೆ ಬರುತ್ತದೆ, ನೀರು ಇಳಿದ ಮೇಲೆ ಮರೆತುಹೋಗುತ್ತದೆ.

ಜಗತ್ತಿಗೆ ಗೊತ್ತಾದ ಗಡ್ಡಿ ಒಂದೇ: ಹಂಪಿಯ ಎದುರಿನ ವಿರೂಪಾಪುರ ಗಡ್ಡಿ. ವಿದೇಶಿ ಪ್ರವಾಸಿಗರು ಅದನ್ನು ‘ಹಿಪ್ಪಿ ಐಲ್ಯಾಂಡ್’ ಎಂದು ಕರೆದರು. ಗದ್ದೆಯ ನಡುವೆ ಗುಡಿಸಲಿನಂಥ ಕೋಣೆಗಳು, ಆಮೇಲೆ ರೆಸಾರ್ಟ್‌ಗಳು ಎದ್ದವು. ಬಳ್ಳಾರಿಯ ಹುಡುಗರೂ ವಾರಾಂತ್ಯಕ್ಕೆ ಅಲ್ಲಿಗೆ ಹೋಗಿ ಬರುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಜಲಾಶಯದಿಂದ ಭಾರಿ ನೀರು ಬಿಟ್ಟಾಗ ನೂರಾರು ಪ್ರವಾಸಿಗರು ಅಲ್ಲಿ ಸಿಕ್ಕಿಬಿದ್ದರು. ಅವರನ್ನು ದೋಣಿ ಮತ್ತು ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು. 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು. ವಿಶ್ವ ಪರಂಪರೆಯ ತಾಣದ ರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ ಆ ಕಟ್ಟಡಗಳನ್ನು ಮಾರ್ಚ್ ಮೊದಲ ವಾರದಲ್ಲಿ ಕೆಡವಲಾಯಿತು.

ಆ ಕಟ್ಟಡಗಳಲ್ಲಿ ಅಡುಗೆ ಮಾಡುತ್ತಿದ್ದವರು, ತೆಪ್ಪ ಹಾಕುತ್ತಿದ್ದವರು, ಸೈಕಲ್ ಬಾಡಿಗೆಗೆ ಕೊಡುತ್ತಿದ್ದವರು ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಅವರ ನೋವು ಸಣ್ಣದಲ್ಲ. ಹಂಪಿಯ ಪರಂಪರೆ ಉಳಿಯಬೇಕೆಂಬ ಮಾತೂ ಸುಳ್ಳಲ್ಲ. ಆದರೆ ಆ ಗಡ್ಡಿಯನ್ನು ನೆನೆದಾಗಲೆಲ್ಲ ನನಗೆ ಅನ್ನಿಸುವುದು ಹೊಳೆಯ ಲೆಕ್ಕ ಬೇರೆ ಎಂದು. ಹೊಳೆಯ ನಡುವಿನ ನೆಲ ಹೊಳೆಯದೇ. ವರ್ಷದ ಎಂಟು-ಹತ್ತು ತಿಂಗಳು ಅದನ್ನು ನಮಗೆ ಬಿಟ್ಟುಕೊಟ್ಟಿರುತ್ತದೆ, ಬೇಕೆನಿಸಿದಾಗ ಬಂದು ಕೇಳುತ್ತದೆ.

ಗಡ್ಡಿಯಲ್ಲಿ ಬಾಳುವವರಿಗೆ ಇದು ಗೊತ್ತು. 2009ರ ಅಕ್ಟೋಬರಿನ ಪ್ರವಾಹವನ್ನು ಅಕ್ಕ ಇವತ್ತಿಗೂ ಮನೆಯ ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾಳೆ: “ಇಲ್ಲೀತನ ಬಂದಿತ್ತು.” 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಸರಪಳಿ ಕಡಿದು ಕೊಚ್ಚಿಹೋದಾಗ ದಂಡೆಯ ಊರುಗಳಿಗೆಲ್ಲ ಎಚ್ಚರಿಕೆ ಬಂತು. ಆ ರಾತ್ರಿ ಮನೆಯ ಯಾರೂ ಮಲಗಲಿಲ್ಲವಂತೆ. ಬೆಳಗಾಗುವವರೆಗೆ ಮಾವ ಬ್ಯಾಟರಿ ಹಿಡಿದು ದಂಡೆಯ ಕಲ್ಲೊಂದನ್ನು ನೋಡುತ್ತ ಕೂತಿದ್ದರು. ಆ ಕಲ್ಲು ಮುಳುಗಿದರೆ ದನ ಬಿಚ್ಚಬೇಕು ಎಂಬುದು ಅವರ ಅಪ್ಪನ ಕಾಲದ ಗುರುತು.

ಉಸುಕು ಹೋದರೆ

ಮಗಳು ಕುಣಿ ತೋಡಿದ ಉಸುಕಿನ ದಿಬ್ಬ ಮೊದಲು ಇದರ ಮೂರು ಪಟ್ಟು ಇತ್ತು ಎನ್ನುತ್ತಾಳೆ ಅಕ್ಕ. ಮದುವೆಯಾಗಿ ಬಂದ ಹೊಸದರಲ್ಲಿ ಉಸುಕಿನ ಮೇಲೆ ನಡೆದು ನೀರು ಮುಟ್ಟುವಷ್ಟರಲ್ಲಿ ಅಂಗಾಲು ಸುಡುತ್ತಿತ್ತಂತೆ. ಉಸುಕಿನ ಮೇಲೆಯೇ ಕಲ್ಲಂಗಡಿ, ಸೌತೆ ಬಳ್ಳಿ ಹಬ್ಬಿಸುತ್ತಿದ್ದರಂತೆ. ಈಗ ಅಂಥ ದಿಬ್ಬಗಳು ಅಲ್ಲೊಂದು ಇಲ್ಲೊಂದು ಉಳಿದಿವೆ.

ಉಸುಕು ಎಲ್ಲಿಗೆ ಹೋಯಿತು ಎಂದು ಯಾರೂ ಹೇಳಬೇಕಿಲ್ಲ. ನಮ್ಮ ಬಳ್ಳಾರಿಯ ಮನೆಗಳ ಗೋಡೆಗಳಲ್ಲಿ, ಛಾವಣಿಗಳಲ್ಲಿ ಅದು ಇದೆ. ದೊಡ್ಡ ಅಣೆಕಟ್ಟಿನ ಹಿಂದೆ ಹೂಳಾಗಿಯೂ ನಿಂತಿದೆ. 133 ಟಿಎಂಸಿ ಅಡಿ ಹಿಡಿಸುತ್ತಿದ್ದ ಜಲಾಶಯದಲ್ಲಿ ಈಗ ಹಿಡಿಸುವುದು 105 ಟಿಎಂಸಿ ಅಡಿಯಷ್ಟು. ಮೇಲಿನಿಂದ ಹೊಸ ಉಸುಕು ಬರುವುದು ನಿಂತು, ಕೆಳಗೆ ಇದ್ದದ್ದನ್ನು ಲಾರಿಗಳು ಹೊತ್ತೊಯ್ದರೆ ಹೊಳೆಗೆ ಉಳಿಯುವುದು ಬಂಡೆ ಮತ್ತು ಜಾಲಿ. ಸಣ್ಣ ಗಣಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರಲ್ಲಿಯೇ ಹೇಳಿತು. ಆದರೂ ರಾತ್ರಿಯ ಹೊತ್ತು ಟ್ರ್ಯಾಕ್ಟರಿನ ಸದ್ದು ಕೇಳದ ಹೊಳೆದಂಡೆ ನಮ್ಮ ಸೀಮೆಯಲ್ಲಿ ಅಪರೂಪ.

ಉಸುಕು ಹೊಳೆಯ ಮಡಕೆ. ಮಳೆಗಾಲದ ನೀರನ್ನು ತನ್ನ ಕಾಳುಗಳ ಸಂದಿಯಲ್ಲಿ ಹಿಡಿದಿಟ್ಟು ಬೇಸಿಗೆಯಲ್ಲಿ ಹನಿಹನಿಯಾಗಿ ಬಿಡುತ್ತದೆ. ದಂಡೆಯ ಬಾವಿಗಳು ಬತ್ತದಂತೆ ಕಾಯುವುದು ಅದೇ. ಆಮೆ ಮೊಟ್ಟೆಯಿಡುವುದೂ ಅಲ್ಲೇ, ನೀರುನಾಯಿ ಮೈ ಒಣಗಿಸಿಕೊಳ್ಳುವುದೂ ಅಲ್ಲೇ. ಎಂಟು ವರ್ಷದ ಹುಡುಗಿ ಕೈಯಿಂದ ತೋಡಿದರೆ ಸಿಗುವ ನೀರು ಉಸುಕು ತೆಗೆದ ಜಾಗದಲ್ಲಿ ಕೊಳವೆಬಾವಿಗೂ ಸಿಗುವುದಿಲ್ಲ.

ವಸಂತದ ಒಂದು ದಿನವನ್ನು ಇಲ್ಲಿ ಕಳೆದು ನಾನು ಹೇಳಬೇಕೆಂದಿರುವುದು ಇಷ್ಟೇ. ನಮಗೂ ದ್ವೀಪಗಳಿವೆ. ಅವುಗಳಿಗೆ ಹೋಗೋಣ, ಮಕ್ಕಳನ್ನು ಕರೆದೊಯ್ಯೋಣ. ನೆಂಟರು ಹೇಗೆ ಹೋಗುತ್ತಾರೋ ಹಾಗೆ ಹೋಗೋಣ. ನೆಂಟರು ಹಣ್ಣು ಹಿಡಿದು ಬರುತ್ತಾರೆ, ಮನೆಯವರು ತೋರಿಸಿದ ಜಾಗದಲ್ಲಿ ಕೂರುತ್ತಾರೆ, ಉಂಡ ಎಲೆ ತಾವೇ ಎತ್ತುತ್ತಾರೆ, ಹೊತ್ತು ಮುಳುಗುವ ಮೊದಲು ಹೊರಡುತ್ತಾರೆ. ಮನೆಯ ಕಷ್ಟಸುಖ ಕೇಳಿ ತಿಳಿದುಕೊಂಡು ಹೋಗುತ್ತಾರೆ. ಗಡ್ಡಿಯನ್ನು ಇಷ್ಟು ಕಾಲ ಉಳಿಸಿದ್ದು ಇಂಥ ನಂಟು.

---

ಬಾಕ್ಸ್ 3: ಹೊರಡುವ ಮುನ್ನ

- ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸುಮಾರು 55 ಕಿ.ಮೀ., ಕುರುಗೋಡಿಗೆ 30 ಕಿ.ಮೀ. ಒಳಗೆ. ದಾರಿಯಲ್ಲಿ ತೆಕ್ಕಲಕೋಟೆ ಸಿಗುತ್ತದೆ.
- ಸಿರುಗುಪ್ಪದ ಹತ್ತಿರವೇ ಕೆಂಚನಗುಡ್ಡ. ಅಲ್ಲಿ ಹೊಳೆಯ ದಂಡೆಯಲ್ಲಿ ರಾಘವೇಂದ್ರ ಮಠದ ಪರಂಪರೆಯ ವಸುಧೇಂದ್ರ ತೀರ್ಥರ ವೃಂದಾವನವಿದೆ.
- ಬೆಳಗಿನ ಹತ್ತರೊಳಗೆ ಹೊಳೆ ತಲುಪಬೇಕು. ನಡುಮಧ್ಯಾಹ್ನ ಮರದ ನೆರಳು ಬಿಡಬಾರದು.
- ಈಜು ಗೊತ್ತಿದ್ದರೂ ಊರವರನ್ನು ಕೇಳದೆ ನೀರಿಗೆ ಇಳಿಯಬಾರದು. ಮೇಲಿನಿಂದ ನೀರು ಬಿಟ್ಟರೆ ಹೊಳೆ ಬೇಗ ಏರುತ್ತದೆ.
- ಪ್ಲಾಸ್ಟಿಕ್ ಒಯ್ದರೆ ಹಾಗೇ ವಾಪಸು ತರಬೇಕು.

---

ಹೊತ್ತು ಮುಳುಗುವ ಮೊದಲು

ಮಧ್ಯಾಹ್ನ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ನಿನ್ನೆಯ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಅಕ್ಕ ಮಗಳಿಗೆ ಕೊಟ್ಟಳು. ಗಿಂಡಿಯಲ್ಲಿ ಯುಗಾದಿಯ ಬೇವು ಇನ್ನೂ ಸ್ವಲ್ಪ ಉಳಿದಿತ್ತು. ನಮ್ಮ ಕಡೆ ಬೇವು ಎಂದರೆ ಕುಡಿಯುವ ಪಾನಕ. ಬೆಲ್ಲದ ನೀರಿಗೆ ಹುರಿಗಡಲೆ ಹಿಟ್ಟು, ಮಾವಿನಕಾಯಿ ತುರಿ, ಗೋಡಂಬಿ, ದ್ರಾಕ್ಷಿ, ಮೇಲೊಂದಿಷ್ಟು ಬೇವಿನ ಹೂವು. ಹಬ್ಬದ ಮರುದಿನಕ್ಕೆ ಅದರ ಹುಳಿ ಏರಿ ರುಚಿಯೂ ಏರಿರುತ್ತದೆ. ಬಿಸಿಲಲ್ಲಿ ಆಡಿ ಬಂದ ಮಗಳು ಎರಡು ಲೋಟ ಕುಡಿದಳು.

ಸಂಜೆ ಹೊರಡುವಾಗ ಅಕ್ಕ ನನ್ನ ಹೆಂಡತಿಗೆ ಉಡಿ ತುಂಬಿದಳು: ಗಡ್ಡಿಯ ಗದ್ದೆಯ ಅಕ್ಕಿ, ಗಡ್ಡಿಯ ತೆಂಗು, ಬೆಲ್ಲ, ಎರಡು ಬಾಳೆಹಣ್ಣು. ಆಚೆ ಗದ್ದೆಯಲ್ಲಿ ಬೇಸಿಗೆ ನೆಲ್ಲು ತೆನೆ ಬಾಗಿಸಿ ಹಳದಿಗೆ ತಿರುಗುತ್ತಿತ್ತು. ಇನ್ನು ಮೂರು ವಾರಕ್ಕೆ ಕೊಯ್ಲು.

“ಅತ್ತೀ, ಮತ್ತ ಯಾವಾಗ ಬರೋದು?” ಎಂದಳು ಮಗಳು.

“ಕಾಲುವಿಗೆ ನೀರು ಬಿಟ್ಟಾಗ ಬಾ. ನಾಟಿ ಹಚ್ಚೋದು ಕಲಸ್ತೀನಿ.”

ಆಗಲೇ ಮಾವ ಬೆಳಗಿನ ಕುಣಿಯ ಹತ್ತಿರ ಕರೆದರು. ರಾತ್ರಿ ನೀರು ಕುಡಿಯಲು ಬರುವ ಕರುವಿನ ಕಾಲು ಸಿಕ್ಕಿಬೀಳದಂತೆ ತೋಡಿದವರೇ ಮುಚ್ಚಿ ಹೋಗುವುದು ಇಲ್ಲಿನ ಕಟ್ಟಳೆ. ಮಗಳಿಗೆ ಮನಸ್ಸಿಲ್ಲ. ದಿನವಿಡೀ ಅದು ಅವಳ ಬಾವಿಯಾಗಿತ್ತು. “ಮುಚ್ಚಿದ್ರ ನೀರು ಹೋಗಿಬಿಡ್ತದಲ್ಲ ಮಾವಾ?”

“ಎಲ್ಲಿಗೆ ಹೋಗ್ತದವ್ವ? ಉಸುಕು ಇರೋತನ ಇರ್ತದ.”

ಅವಳು ಎರಡೂ ಕೈಯಿಂದ ಉಸುಕು ತಳ್ಳಿ ಕುಣಿ ತುಂಬಿದಳು. ಅಂಗೈಯಿಂದ ತಟ್ಟಿ ಸಮ ಮಾಡಿದಳು. ಮುಂದಿನ ಸಲ ಗುರುತು ಸಿಗಲೆಂದು ಹೊಳೆಯ ಒಂದು ನುಣ್ಣನೆಯ ಕಲ್ಲು ಆರಿಸಿ ತಂದು ಅದರ ಮೇಲೆ ಇಟ್ಟಳು.